ಎಡಭುಜದ ಗೆರೆ

ಆಷಾಢದಲ್ಲಿ ಮದುವೆಗಳಿಲ್ಲ.
ನನ್ನ ಕ್ಯಾಮೆರಾಗೂ ಹೊಟ್ಟೆಯಿದೆ ಎಂದು ತಿಳಿದೋ ಏನೋ
ಇಲಾಖೆಯವರು ನಲವತ್ತು ನಮೂನೆ ಕೊಟ್ಟು ಕಳಿಸಿದರು:
ಒಂದು ಸ್ಮಾರಕಕ್ಕೆ ಆರು ಚಿತ್ರ,
ಚಿತ್ರಕ್ಕೆ ಎಪ್ಪತ್ತು ರೂಪಾಯಿ, ಪೆಟ್ರೋಲು ನನ್ನದೇ.

ನಾಗಮಂಗಲ ದಾಟಿ, ಕೆರೆ ಏರಿ ಹಿಡಿದು,
ಚಂದ್ರಂಕಿ ಒರಗಿಸಿಟ್ಟ ಅಂಗಳಗಳ ಹಾದು
ಬಂಡೆಯ ಮಗ್ಗುಲಿಗೆ ಬೈಕು ನಿಲ್ಲಿಸಿದೆ.
ನಮೂನೆಯಲ್ಲಿ ಬರೆದಿತ್ತು:
ಹತ್ತನೆಯ ಶತಮಾನ (?), ಬೌದ್ಧ (?), ಸ್ಥಿತಿ ಶಿಥಿಲ.
ಪಾಲಕರು: ಇಲ್ಲ.

'ಇಲ್ಲ' ಎಂಬವಳು ಬಾಗಿಲಲ್ಲೇ ಕೂತಿದ್ದಳು
ಹಿಡಿ ಸವೆದ ಪೊರಕೆಗೆ ಹೊಸ ದಾರ ಸುತ್ತುತ್ತ.
ಹೆಸರು ಮಂಚಮ್ಮ.
"ಚಪ್ಲಿ ಬುಟ್ಟು ಬಾ. ತಲೆ ಬಗ್ಸು.
ಬಾವ್ಲಿ ಅವೆ, ಎದ್ರಸ್‌ಬ್ಯಾಡ.
ಅವು ಬಾಡ್ಗೆ ಕೊಡಾಕಿಲ್ಲ, ನಾನೂ ಕೇಳಾಕಿಲ್ಲ."

ಒಳಗೆ, ಕತ್ತಲಿಗೆ ಹರಳೆಣ್ಣೆಯ ವಾಸನೆ.
ಕಣ್ಣು ಹೊಂದಿಕೊಂಡ ಮೇಲೆ ಮೊದಲು ಮಂಡಿ ಕಂಡಿತು,
ಆಮೇಲೆ ಒಂದರ ಮೇಲೊಂದಿಟ್ಟ ಅಂಗೈ,
ಕೊನೆಗೆ ಮುಖ, ಅಥವಾ ಮುಖವಿದ್ದ ಜಾಗ:
ಮೂಗಿಲ್ಲ, ತುಟಿ ಅರ್ಧ,
ಆದರೂ ಈಗಷ್ಟೇ ಏನೋ ಹೇಳಲು ಹೋಗಿ
ಬೇಡವೆಂದು ಬಿಟ್ಟ ಹಾಗೆ.

"ಯಾವ ದೇವ್ರಮ್ಮ ಇದು?"
"ಕುಂತಯ್ಯ."
"ಅಂದರೆ?"
"ಕುಂತವ್ನಲ್ಲ, ಅದ್ಕೆ."

ಕಂಬದ ಎತ್ತರ ತಿಳಿಯಲು ಪಕ್ಕಕ್ಕೊಂದು ಆಳು ಬೇಕು.
ನಿಲ್ಲಿ ಎಂದೆ. ನಿಂತಳು,
ಸೆರಗು ಕೂಡ ಸರಿಮಾಡಿಕೊಳ್ಳದೆ, ಅಭ್ಯಾಸವಿದ್ದವಳಂತೆ.
"ನಮ್ಮತ್ತೇನೂ ಇಂಗೇ ನಿಲ್ಲುಸ್ತಿದ್ರು, ಟೋಪಿ ಸಾಹೇಬ್ರು.
ನಾನ್ ಸೊಸೆಯಾಗ್ ಬಂದಾಗ ಈ ಹೂವಿನ್ ಸಾಲು
ನನ್ ಹಣೆ ಮಟ್ಟಕ್ಕಿತ್ತು.
ಈಗ್ ನೋಡು, ಕಂಬ ಬೆಳ್ದ್‌ಬುಟ್ಟದೆ."

ಮದುವೆಮನೆಯಲ್ಲಿ ನಾನು ಆಡುವುದು ಮೂರೇ ಮಾತು:
ಹತ್ರ ಬನ್ನಿ, ಇಲ್ಲಿ ನೋಡಿ, ನಗಿ.
ಇಲ್ಲಿ ಮೂರೂ ನಾಲಿಗೆಯಲ್ಲೇ ಉಳಿದವು.

ಇಲಾಖೆಗೆ ಬೇಕಾದ್ದು ಒಂದೇ ಗೆರೆ.
ಎಡಭುಜದ ಮೇಲೆ ಬಟ್ಟೆಯ ಅಂಚಿದ್ದರೆ ಬುದ್ಧ,
ಇಲ್ಲದಿದ್ದರೆ ಜಿನ. ಪ್ರಶ್ನೆಯ ಕೊಕ್ಕೆ ಅಳಿಸಿಬಿಡಬಹುದು.
ದೀಪ ಎಡಕ್ಕಿಟ್ಟೆ, ಬಲಕ್ಕಿಟ್ಟೆ, ನೆಲಕ್ಕಿಟ್ಟೆ,
ಮೋಡ ಬಿಟ್ಟುಕೊಟ್ಟಷ್ಟು ಬಿಸಿಲನ್ನು
ಕನ್ನಡಿಯಲ್ಲಿ ಹಿಡಿದು ಒಳಗೆ ತಂದೆ.
ಎಣ್ಣೆ ಮಿಂಚಿತು. ಕಲ್ಲು ಬಾಯಿ ಬಿಡಲಿಲ್ಲ.
ಎಷ್ಟು ಸೋಮವಾರಗಳ ಎಣ್ಣೆಯೋ.
"ತಿಕ್ಕಿ ತಿಕ್ಕಿ ಅಳಿಸಿಬಿಟ್ಟಿದ್ದೀರಿ" ಎಂದೆ,
ಅಂದಮೇಲೆ ನಾಚಿದೆ.

ಅವಳು ಬೈಯಲಿಲ್ಲ. ನನ್ನ ತೋರುಬೆರಳು ಹಿಡಿದು,
ಅಕ್ಕಿಯಲ್ಲಿ ಅಕ್ಷರ ತಿದ್ದಿಸುವಂತೆ,
ಕತ್ತಿನ ಬುಡದಿಂದ ಎದೆಗೆ ಓರೆಯಾಗಿ ಎಳೆದಳು.
ಇತ್ತು.
ಕೂದಲೆಳೆಯಷ್ಟು ಏರು, ಒಡನೆ ಇಳಿತ,
ಒಗೆದೊಗೆದು ಮೆತ್ತಗಾದ ಪಂಚೆಯ ಅಂಚಿನ ಹಾಗೆ.
"ಶಲ್ಯ ಹೊದ್ದವ್ನೆ.
ಚಳಿಯಾಯ್ತದಲ್ವಾ ಒಳ್ಗೆ."

ಇದನ್ನು ನಮೂನೆಯಲ್ಲಿ ಹೇಗೆ ಬರೆಯಲಿ?
ಬೆರಳಿಗೆ ಕಂಡದ್ದಕ್ಕೆ ಕಾಲಂ ಇಲ್ಲ.
ಕೊಕ್ಕೆಗಳು ಎರಡೂ ಇದ್ದಲ್ಲೇ ಇವೆ.

ಹೊರಡುವಾಗ "ನಂದೂ ಒಂದ್ ತೆಗಿ" ಎಂದಳು,
"ಕಂಬ ಬ್ಯಾಡ."
ಪೊರಕೆ ಕೆಳಗಿಟ್ಟು, ಲಂಟಾನದ ಪೊದೆ ಬಿಟ್ಟು ದೂರ,
ಬರಿಯ ಆಕಾಶಕ್ಕೆ ಬೆನ್ನು ಕೊಟ್ಟು ನಿಂತಳು.
ಆ ಚಿತ್ರದಲ್ಲಿ ಅವಳ ಎತ್ತರ ಎಷ್ಟೆಂದು
ಯಾರಿಗೂ ಗೊತ್ತಾಗುವುದಿಲ್ಲ.

ಶ್ರಾವಣದ ಮೊದಲ ಮುಹೂರ್ತ, ಮೈಸೂರಿನಲ್ಲಿ,
ನಂಜನಗೂಡು ರಸ್ತೆಯ ಛತ್ರ.
ಎಲ್ಲ ಚಿತ್ರದಲ್ಲೂ ಮದುಮಗನ ಎಡಭುಜಕ್ಕೆ ಮಂಜು.
ಲೆನ್ಸು ತಿರುಗಿಸಿ ನೋಡಿದೆ: ಹರಳೆಣ್ಣೆಯ ಬೆರಳಚ್ಚು,
ನನ್ನದೇ.
ಒರೆಸುವ ಬಟ್ಟೆ ಜೇಬಿನಲ್ಲೇ ಇತ್ತು.
"ಇಲ್ಲಿ ನೋಡಿ" ಎಂದೆ.
ಹುಡುಗ ಶಲ್ಯ ಸರಿಮಾಡಿಕೊಂಡ.